ಸದನ ಸಮಿತಿ ನಮ್ಮ ಹಾಸ್ಟೆಲಿಗೆ ಬಂದು ಹೋಯಿತು, ಮುಂದೇನು?

ಕೃಷ್ಣೆಯ ದಡ:
ಎಲ್ಲರಿಗೂ ನಮಸ್ಕಾರ. ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ನಮ್ಮ ಶಾಲೆಯ ಪಕ್ಕದಲ್ಲೇ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳ ವಸತಿನಿಲಯವಿದೆ. ಐವತ್ತು ಮಕ್ಕಳಿಗೆಂದು ಕಟ್ಟಿದ ಮನೆಯಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ. ಬಳಸಲು ಬರುವ ಶೌಚಾಲಯ ಮೂರು, ಅದರಲ್ಲಿ ಒಂದಕ್ಕೆ ಚಿಲಕವಿಲ್ಲ. ಸ್ನಾನಕ್ಕೆ ಸರದಿ ಸಿಗಲೆಂದು ಕೆಲವು ಮಕ್ಕಳು ನಸುಕಿನ ನಾಲ್ಕು ಗಂಟೆಗೆ ಏಳುತ್ತಾರೆ. ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಾರೆ. ನಾನು ಬೈಯುವುದನ್ನು ಬಿಟ್ಟು ಬಹಳ ದಿನವಾಯಿತು.

ಐದು ತಿಂಗಳ ಹಿಂದೆ ವಿಧಾನಮಂಡಲದ ಒಂದು ಕಲ್ಯಾಣ ಸಮಿತಿ ಜಿಲ್ಲಾ ಪ್ರವಾಸಕ್ಕೆ ಬಂದಾಗ ಈ ನಿಲಯಕ್ಕೂ ಭೇಟಿ ಕೊಟ್ಟಿತು. ಶಾಸಕರು ಅಡುಗೆಮನೆ ನೋಡಿದರು, ಹಿಂದಿನ ಬಾಗಿಲಿನಿಂದ ಸ್ನಾನದ ಮನೆಗೂ ಹೋದರು. ಅವರಲ್ಲೊಬ್ಬರು ಒಂಬತ್ತನೆಯ ತರಗತಿಯ ಹುಡುಗಿಯನ್ನು ಪಕ್ಕಕ್ಕೆ ಕರೆದು, ರಾತ್ರಿ ಹೊತ್ತು ಇಲ್ಲಿಗೆ ಬರಲು ಹೆದರಿಕೆಯಾಗುತ್ತದೆಯೇ ಎಂದು ಕೇಳಿದರು. ಅವಳು ಅಧಿಕಾರಿಗಳ ಎದುರಿನಲ್ಲೇ ಹೌದು ಎಂದಳು. ಹದಿನೈದು ದಿನದಲ್ಲಿ ಸರಿಪಡಿಸುತ್ತೇವೆ ಎಂದು ಅಲ್ಲೇ ಮಾತು ಕೊಡಲಾಯಿತು. ನಾವು ಮೂವರು ಶಿಕ್ಷಕರು, ಹದಿನಾರು ಪೋಷಕರು ಸಹಿ ಮಾಡಿ ಮನವಿ ಕೊಟ್ಟೆವು. ಜೆರಾಕ್ಸ್ ಪ್ರತಿಯ ಮೇಲೆ ಸ್ವೀಕೃತಿ ಸಹಿಯೂ ಇದೆ.

ಇಂದಿಗೆ ಆಗಿರುವುದು ಇಷ್ಟೇ: ಸ್ನಾನದ ಮನೆಯ ಹೊರಗೆ ಒಂದು ಬಲ್ಬು ಹಾಕಿದ್ದಾರೆ. ಈ ಸಮಿತಿಗಳಿಗೆ ನಿಜವಾಗಿ ಯಾವ ಅಧಿಕಾರವಿದೆ? ನಮ್ಮ ಮನವಿ ಈಗ ಯಾವ ಮೇಜಿನ ಮೇಲಿರುತ್ತದೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬಯಲು ದಾರಿ:
ಮೇಡಂ, ನಿಮ್ಮ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಸದನ ಸಮಿತಿಗಳ ವರದಿ ಕಪಾಟು ಸೇರುವುದನ್ನು ನಾವು ಎಷ್ಟು ಬಾರಿ ನೋಡಿಲ್ಲ? ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ ಅವರ ಸಮಿತಿ ಎಷ್ಟು ದುಡಿಯಿತು! ಕೆರೆಗಳ ಬಗ್ಗೆ ಕೆ.ಬಿ. ಕೋಳಿವಾಡ ಅವರ ಸಮಿತಿ ಎಷ್ಟು ಸರ್ವೆ ನಂಬರುಗಳನ್ನು ಜಾಲಾಡಿತು! ಕೆರೆ ಮರಳಿ ಬಂತೇ? ಜಮೀನಿಗೇ ಈ ಗತಿಯಾದರೆ ಬಡ ಮಕ್ಕಳ ಹಾಸ್ಟೆಲಿನ ಮಾತು ಯಾರು ಕೇಳುತ್ತಾರೆ?

ಹಳೆಯ ಕಡತ:
ಶಿಕ್ಷಕಿಯವರಿಗೆ ನಮಸ್ಕಾರ. ಶಾಸಕಾಂಗದ ಕಡತಗಳ ನಡುವೆ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ನಿಮ್ಮ ಎರಡೂ ಪ್ರಶ್ನೆಗಳಿಗೆ ತಿಳಿದಷ್ಟು ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಮೊದಲು ಅಧಿಕಾರದ ಮಾತು. ಸಮಿತಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ಒಬ್ಬ ಗುಮಾಸ್ತನನ್ನೂ ಅದು ವರ್ಗಾಯಿಸಲಾರದು, ಒಂದು ಚಿಲಕಕ್ಕೂ ಹಣ ಬಿಡುಗಡೆ ಮಾಡಲಾರದು. ಅದು ಮಾಡುವುದು ಶಿಫಾರಸು. ಆದರೆ ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು, ಕಡತ ತರಿಸಿಕೊಂಡು, ಕಾರಣ ಕೇಳುವ ಅಧಿಕಾರ ಅದಕ್ಕಿದೆ. ಸದನದಲ್ಲಿ ಸಚಿವರು ಐದು ನಿಮಿಷದಲ್ಲಿ ಉತ್ತರ ಓದಿ ಕುಳಿತುಬಿಡಬಹುದು. ಸಮಿತಿಯ ಕೊಠಡಿಯಲ್ಲಿ ಅಧಿಕಾರಿ ಎರಡು ಗಂಟೆ ಉತ್ತರಿಸಬೇಕಾಗುತ್ತದೆ, ಹಾರಿಕೆಯ ಮಾತು ಅಲ್ಲಿ ಹೆಚ್ಚು ಹೊತ್ತು ನಡೆಯುವುದಿಲ್ಲ. ಪತ್ರಕರ್ತರು ಇರುವುದಿಲ್ಲವಾದ್ದರಿಂದ ಶಾಸಕರಿಗೂ ಪಕ್ಷದ ಭಾಷಣ ಮಾಡುವ ಒತ್ತಡವಿರುವುದಿಲ್ಲ. ಆಡಳಿತ ಪಕ್ಷದ ಶಾಸಕರೇ ತಮ್ಮ ಸರ್ಕಾರದ ಅಧಿಕಾರಿಯನ್ನು ಬೆವರಿಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ನಿಮ್ಮ ಮನವಿ ಎಲ್ಲಿದೆ ಎಂಬುದು. ಪ್ರವಾಸದಲ್ಲಿ ಬಂದ ಮನವಿಗಳು ವಿಧಾನಸೌಧದ ಸಚಿವಾಲಯಕ್ಕೆ ಬರುತ್ತವೆ. ಅಲ್ಲಿಂದ ಸಂಬಂಧಪಟ್ಟ ಇಲಾಖೆಗೆ ಪತ್ರ ಹೋಗುತ್ತದೆ. ಇಲಾಖೆ ಏನು ಕ್ರಮ ಕೈಗೊಂಡಿತು ಎಂದು ಅನುಪಾಲನಾ ವರದಿ ಕೊಡಬೇಕು. ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. "ಕ್ರಮ ಕೈಗೊಳ್ಳಲಾಗುತ್ತಿದೆ" ಎಂಬ ಒಂದು ಸಾಲು ಬರುತ್ತದೆ, ಸಮಿತಿಯ ಅವಧಿ ಮುಗಿಯುತ್ತದೆ, ಹೊಸ ಸದಸ್ಯರು ಬರುತ್ತಾರೆ, ಕಡತ ತಣ್ಣಗಾಗುತ್ತದೆ. ಬಯಲು ದಾರಿಯವರ ಸಿಟ್ಟು ಸುಳ್ಳಲ್ಲ. ಆದರೆ ಯಾರಾದರೂ ಆ ಒಂದು ಸಾಲನ್ನು ಹಿಡಿದು ಮತ್ತೆ ಕೇಳಿದರೆ ಕಡತಕ್ಕೆ ಮತ್ತೆ ಜೀವ ಬರುತ್ತದೆ. ನೀವು ಕೇಳಬೇಕಾದದ್ದು ಈ ಅನುಪಾಲನಾ ವರದಿಯನ್ನು.

ಒಂದು ಎಚ್ಚರಿಕೆ. ಸಮಿತಿಯ ಕರಡು ವರದಿ, ಅದರ ಎದುರು ನುಡಿದ ಸಾಕ್ಷ್ಯ ಇವು ಸದನದಲ್ಲಿ ಮಂಡನೆಯಾಗುವವರೆಗೆ ಗೋಪ್ಯ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ 8(1)(ಸಿ) ಕಲಮಿನಡಿ, ಅಂದರೆ ಸದನದ ಹಕ್ಕುಚ್ಯುತಿಯ ಕಾರಣಕ್ಕೆ, ನಿರಾಕರಿಸುತ್ತಾರೆ. ಮಂಡನೆಯಾದ ವರದಿ ಸಾರ್ವಜನಿಕ ದಾಖಲೆ.

ಮಾಜಿ ನಿಲಯಪಾಲಕ:
ನಾನು ಆ ಬಾಗಿಲಿನ ಒಳಗಡೆ ನಿಂತಿದ್ದವನು, ಹಾಗಾಗಿ ಹೇಳಲೇಬೇಕು. ಸಮಿತಿ ಬರುತ್ತದೆ ಎಂದರೆ ಹಿಂದಿನ ದಿನ ಗೋಡೆಗೆ ಸುಣ್ಣ ಬೀಳುತ್ತಿತ್ತು, ಗೋದಾಮಿನಿಂದ ಹೊಸ ಜಮಖಾನೆ ಹೊರಬರುತ್ತಿತ್ತು, ಅಂದಿನ ಸಾರಿಗೆ ತರಕಾರಿ ಹೆಚ್ಚು ಬೀಳುತ್ತಿತ್ತು. ಮಕ್ಕಳಿಗೆ ಏನು ಹೇಳಬೇಕೆಂದು ಮೇಲಿನವರ ಸೂಚನೆಯಂತೆ ನಾನೇ ಕಲಿಸಿದ್ದೇನೆ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ. ನಿಮ್ಮ ಶಾಲೆಯ ಆ ಹುಡುಗಿ ಹೌದು ಎಂದಳಲ್ಲ, ಅದು ಸಣ್ಣ ಮಾತಲ್ಲ. ದಯವಿಟ್ಟು ಆ ಮಾತು ದಾಖಲೆಯಲ್ಲಿ ಉಳಿಯುವಂತೆ ನೋಡಿಕೊಳ್ಳಿ. ಹೆಸರು ಬರೆಯಬೇಡಿ, ಮಾತು ಬರೆಯಿರಿ.

ಇನ್ನೊಂದು. "ಮೂಲಸೌಕರ್ಯ ಕೊರತೆಯಿದೆ" ಎಂದು ಮನವಿಯಲ್ಲಿ ಬರೆದರೆ ಯಾರೂ ಓದುವುದಿಲ್ಲ. ಮಂಜೂರಾದ ಸಂಖ್ಯೆ ಎಷ್ಟು, ಹಾಜರಿ ಪುಸ್ತಕದಲ್ಲಿರುವುದು ಎಷ್ಟು, ಶೌಚಾಲಯ ಎಷ್ಟು, ಅದರಲ್ಲಿ ನೀರು ಬರುವುದು ಎಷ್ಟಕ್ಕೆ ಎಂದು ಎಣಿಸಿ ಬರೆದರೆ ಉತ್ತರವನ್ನೂ ಎಣಿಸಿಯೇ ಕೊಡಬೇಕಾಗುತ್ತದೆ.

ಮಂಜೇಶ್ವರದಿಂದ:
ಕಾಸರಗೋಡಿನ ಕನ್ನಡಿಗನೊಬ್ಬನ ಮಾತೂ ಇರಲಿ. ನಮ್ಮ ಕೇರಳ ವಿಧಾನಸಭೆಯಲ್ಲಿ 1980ರಿಂದ ವಿಷಯ ಸಮಿತಿಗಳಿವೆ, ಈಗ ಹದಿನಾಲ್ಕು. ಮಂಡನೆಯಾದ ಮಸೂದೆ ಸಾಮಾನ್ಯವಾಗಿ ಸಂಬಂಧಪಟ್ಟ ವಿಷಯ ಸಮಿತಿಗೆ ಹೋಗಿ ಬರುತ್ತದೆ. ಬಜೆಟ್ಟಿನ ಅನುದಾನ ಬೇಡಿಕೆಗಳನ್ನೂ ಈ ಸಮಿತಿಗಳು ನೋಡುತ್ತವೆ. ಅಂದರೆ ಹಣ ಖರ್ಚಾದ ಮೇಲೆ ಅಲ್ಲ, ಖರ್ಚಾಗುವ ಮೊದಲೇ ಒಂದು ಕಣ್ಣು ಅದರ ಮೇಲೆ ಬೀಳುತ್ತದೆ. ಕೊರತೆ ಇಲ್ಲವೆಂದಲ್ಲ. ಅಲ್ಲಿ ಆಯಾ ಇಲಾಖೆಯ ಸಚಿವರೇ ಸಮಿತಿಯ ಅಧ್ಯಕ್ಷರು, ಹೀಗಾಗಿ ಪ್ರಶ್ನೆಗಳ ಮೊನೆ ಸ್ವಲ್ಪ ಮೊಂಡಾಗುತ್ತದೆ ಎಂಬ ದೂರು ನನ್ನದು. ಸಂಸತ್ತಿನಲ್ಲಿ ಇದಕ್ಕೆ ವಿರುದ್ಧ, ಇಲಾಖಾ ಸ್ಥಾಯಿ ಸಮಿತಿಗಳಲ್ಲಿ, ಅಂದರೆ ಇಲಾಖೆಗಳ ಕೆಲಸ ನೋಡುವ ಸಂಸದರ ಸಮಿತಿಗಳಲ್ಲಿ, ಸಚಿವರು ಸದಸ್ಯರಾಗುವಂತೆಯೇ ಇಲ್ಲ.

ಕಾನೂನು ವಿದ್ಯಾರ್ಥಿನಿ:
ಸಂಸತ್ತಿನ ಮಾತು ಬಂದದ್ದರಿಂದ ಸೇರಿಸುತ್ತೇನೆ. ಇಲಾಖಾ ಸ್ಥಾಯಿ ಸಮಿತಿಗಳು 1993ರಲ್ಲಿ ಹದಿನೇಳರೊಂದಿಗೆ ಆರಂಭವಾದವು, 2004ರಲ್ಲಿ ಇಪ್ಪತ್ತನಾಲ್ಕಾದವು. ಸಾಮಾಜಿಕ ನ್ಯಾಯ ಮತ್ತು ಸಬಲೀಕರಣಕ್ಕೆ ಒಂದು ಪ್ರತ್ಯೇಕ ಸಮಿತಿ ಇದೆ. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10 ಸದಸ್ಯರು. ಸಮಿತಿಯ ಕೆಲಸ ನಿಜವಾಗಿ ಏನು ಎಂದು ಕೇಳಿದವರಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ ಲಿಂಗತ್ವ ಅಲ್ಪಸಂಖ್ಯಾತರ ಮಸೂದೆಯದು.

ತಮ್ಮ ಲಿಂಗ ಯಾವುದೆಂದು ತಾವೇ ಹೇಳಿಕೊಳ್ಳುವ ಹಕ್ಕು ಅವರಿಗಿದೆ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಮೊಕದ್ದಮೆಯ ತೀರ್ಪಿನಲ್ಲಿ ಹೇಳಿತ್ತು. ಹಾಗಿದ್ದೂ 2016ರಲ್ಲಿ ಸರ್ಕಾರ ತಂದ ಮಸೂದೆ ಅವರನ್ನು "ಪೂರ್ಣ ಹೆಣ್ಣೂ ಅಲ್ಲದ, ಪೂರ್ಣ ಗಂಡೂ ಅಲ್ಲದ" ಎಂಬಂಥ ಮಾತುಗಳಲ್ಲಿ ವ್ಯಾಖ್ಯಾನಿಸಿತು. ಗುರುತಿನ ಪತ್ರ ಬೇಕಾದರೆ ಜಿಲ್ಲಾ ಪರಿಶೀಲನಾ ಸಮಿತಿಯ ಎದುರು ನಿಲ್ಲಬೇಕಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. 2017ರ ಜುಲೈನಲ್ಲಿ ಬಂದ ವರದಿ ಈ ವ್ಯಾಖ್ಯಾನವನ್ನೇ ತಿರಸ್ಕರಿಸಿತು. ಇದು ಸ್ವಂತ ಗುರುತಿನ ಹಕ್ಕಿಗೆ ವಿರುದ್ಧ ಎಂದಿತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೆಯ ಕಲಮಿನಡಿ ಅವರನ್ನು ಅಪರಾಧಿಗಳಾಗಿಸುವ ಅಪಾಯ ಉಳಿದಿದೆ ಎಂದು ನೆನಪಿಸಿತು, ಮದುವೆ ಮತ್ತು ಸಂಗಾತಿಯ ಹಕ್ಕನ್ನು ಮಸೂದೆ ಗುರುತಿಸಬೇಕು ಎಂದಿತು. ಆಗಿನ್ನೂ 377ರ ಮೇಲಿನ ಸುಪ್ರೀಂ ಕೋರ್ಟ್ ತೀರ್ಪು ಬಂದಿರಲಿಲ್ಲ, ಅದು ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಎಲ್ಲ ಪಕ್ಷದವರಿದ್ದ ಒಂದು ಸಮಿತಿ, ಆಡಳಿತ ಪಕ್ಷದವರೇ ಆದ ರಮೇಶ್ ಬೈಸ್ ಅವರ ಅಧ್ಯಕ್ಷತೆಯಲ್ಲಿ, ಹೀಗೆ ಬರೆಯಿತು. ವರದಿಯನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಯಲು ದಾರಿ:
ಓದಿ ಸಂತೋಷವಾಯಿತು. ಆದರೆ ಕೊನೆಗೆ ಸರ್ಕಾರ ಒಪ್ಪಿತೇ? ಅದನ್ನೂ ಹೇಳಿ.

ಕಾನೂನು ವಿದ್ಯಾರ್ಥಿನಿ:
ಸ್ವಲ್ಪ ಒಪ್ಪಿತು, ದೊಡ್ಡದನ್ನು ಬಿಟ್ಟಿತು. ವ್ಯಾಖ್ಯಾನ ಬದಲಾಯಿತು. ಭಿಕ್ಷೆಗೆ ಹಚ್ಚುವುದನ್ನು ಅಪರಾಧವಾಗಿಸಿದ್ದ ಅಂಶ ಮತ್ತು ಪರಿಶೀಲನಾ ಸಮಿತಿ 2019ರ ಮಸೂದೆಯ ಹೊತ್ತಿಗೆ ಹೋದವು. ಇದರಲ್ಲಿ ಬೀದಿಗಿಳಿದ ಸಮುದಾಯದ ಪಾಲು ಬಹಳ ದೊಡ್ಡದು. ಆದರೆ ಪ್ರಮಾಣಪತ್ರಕ್ಕಾಗಿ ಜಿಲ್ಲಾಧಿಕಾರಿಯ ಬಳಿ ಹೋಗುವುದು ಉಳಿಯಿತು. ಮೀಸಲಾತಿ ಬರಲಿಲ್ಲ. ಮದುವೆಯ ಮಾತೂ ಇಲ್ಲ. 2019ರ ಆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಶಿಕ್ಷೆ ಎರಡೇ ವರ್ಷ ಇಟ್ಟರು.

ಆದರೂ ವರದಿ ವ್ಯರ್ಥವಾಯಿತು ಎಂದು ನಾನು ಒಪ್ಪುವುದಿಲ್ಲ. ಸಂಸತ್ತಿನ ಒಳಗಿನಿಂದಲೇ ಇದು ತಪ್ಪು ಎಂದು ಹೇಳಿದ ದಾಖಲೆ ಅಲ್ಲಿದೆ. ನಾಳೆ ನ್ಯಾಯಾಲಯದಲ್ಲಿ ವಾದಿಸುವವರು ಅದನ್ನು ಎತ್ತಿ ತೋರಿಸಬಹುದು. ನಮ್ಮ ರಾಜ್ಯದಲ್ಲಿ 2021ರಲ್ಲಿ ಸರ್ಕಾರಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಶೇ 1ರ ಸಮತಲ ಮೀಸಲಾತಿ (ಪ್ರತಿ ಮೀಸಲು ವರ್ಗದೊಳಗೂ ಸಿಗುವ ಪಾಲು) ಕೊಟ್ಟರಲ್ಲ, ಅದು ಹೈಕೋರ್ಟಿನ ಮೊಕದ್ದಮೆಯಿಂದ ಬಂದದ್ದು ನಿಜ. ಆದರೆ ದಿಲ್ಲಿಯ ಕಾಯ್ದೆ ಬಿಟ್ಟುಬಿಟ್ಟದ್ದು ಇಲ್ಲಿ ಸಾಧ್ಯವಾಯಿತು ಎಂಬುದನ್ನು ಮರೆಯಬೇಡಿ.

ಸಮಿತಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10 ಮೀಸಲಾತಿ ಕೊಡುವ ಸಂವಿಧಾನ ತಿದ್ದುಪಡಿ 2019ರ ಜನವರಿ 8ರಂದು ಲೋಕಸಭೆಯಲ್ಲಿ ಮಂಡನೆಯಾಯಿತು, ಅಂದೇ ಅಂಗೀಕಾರವಾಯಿತು, ಮರುದಿನ ರಾಜ್ಯಸಭೆಯಲ್ಲೂ ಆಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ. ಇಷ್ಟು ದೊಡ್ಡ ಸಾಮಾಜಿಕ ನೀತಿಗೆ ಎರಡು ದಿನ! 15ನೆಯ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ ಶೇ 16ಕ್ಕೆ ಇಳಿಯಿತು. ನನ್ನ ಆತಂಕವಿರುವುದು ಇಲ್ಲಿ.

ಲೆಕ್ಕದ ಪುಸ್ತಕ:
ವಿದ್ಯಾರ್ಥಿನಿಯವರು ಮಸೂದೆಯ ಮಾತು ಹೇಳಿದರು, ನಾನು ಹಣದ ಮಾತು ಹೇಳುತ್ತೇನೆ. ಸಾಮಾಜಿಕ ನೀತಿ ಎಂಬುದು ಕೊನೆಗೆ ಬಜೆಟ್ಟಿನ ಒಂದು ಸಾಲು. ಆ ಸಾಲನ್ನು ಓದಲು ಬಾರದ ಸಮಿತಿಯಿಂದ ಉಪಯೋಗವಿಲ್ಲ.

ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 80 ವರ್ಷದೊಳಗಿನವರಿಗೆ ತಿಂಗಳಿಗೆ 200 ರೂಪಾಯಿ. ಇದು ಸುಮಾರು ಎರಡು ದಶಕದ ಹಿಂದಿನ ಮೊತ್ತ. ಹೆಚ್ಚಿಸಿ ಎಂದು ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ವರದಿಯ ಮೇಲೆ ವರದಿಯಲ್ಲಿ ಹೇಳುತ್ತಲೇ ಬಂದಿದೆ. ಮೊತ್ತ ಕದಲಿಲ್ಲ. ನಮ್ಮಲ್ಲಿ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ ಸಿಗುವುದು ರಾಜ್ಯ ತನ್ನ ಕಿಸೆಯಿಂದ ಕೊಡುವುದರಿಂದ.

ಈಗ ಮೇಡಂ ಅವರ ಹಾಸ್ಟೆಲಿಗೆ ಬರೋಣ. ಕರ್ನಾಟಕದಲ್ಲಿ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ) ಕಾಯ್ದೆ ಇದೆ. ಯೋಜನಾ ವೆಚ್ಚದಲ್ಲಿ ಜನಸಂಖ್ಯೆಗೆ ತಕ್ಕ ಪಾಲನ್ನು, ಅಂದರೆ 2011ರ ಗಣತಿಯಂತೆ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95, ಎರಡೂ ಸೇರಿ ಶೇ 24.1ನ್ನು ತೆಗೆದಿಡಬೇಕು ಎನ್ನುತ್ತದೆ ಅದು. ಅದರಲ್ಲಿದ್ದ 7ಡಿ ಕಲಮಿನ ಮೂಲಕ ಸಾಮಾನ್ಯ ಕಾಮಗಾರಿಗಳ ಒಂದು ಪಾಲನ್ನೂ ಇದೇ ಲೆಕ್ಕಕ್ಕೆ ಸೇರಿಸಬಹುದಿತ್ತು. ರಸ್ತೆ ಎಲ್ಲರಿಗೂ ಸೇರಿದ್ದು, ಹಾಗಾಗಿ ದಲಿತರಿಗೂ ಸೇರಿದ್ದು ಎಂಬ ತರ್ಕ. ವರ್ಷಗಳ ಹೋರಾಟದ ನಂತರ 2023ರಲ್ಲಿ ಅದನ್ನು ತೆಗೆದರು. ಆದರೆ 2024–25ರಲ್ಲಿ 39,121 ಕೋಟಿ ಹಂಚಿಕೆಯಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಲಾಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು ಸರ್ಕಾರದ ಸಮರ್ಥನೆ. ಗೃಹಲಕ್ಷ್ಮಿಯ ಹಣ ಆ ಮಕ್ಕಳ ತಾಯಂದಿರ ಕೈಗೂ ಹೋಗುತ್ತದೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಎಲ್ಲರಿಗೂ ಕೊಡುವುದನ್ನು ಇವರಿಗೂ ಕೊಟ್ಟು, ಇವರಿಗೆಂದೇ ತೆಗೆದಿಟ್ಟ ಹಣದಲ್ಲಿ ಲೆಕ್ಕ ತೋರಿಸಿದರೆ ಹಾಸ್ಟೆಲಿನ ಶೌಚಾಲಯ ಯಾವ ಹಣದಲ್ಲಿ ಕಟ್ಟುವುದು? ಕಲ್ಯಾಣ ಸಮಿತಿ ಕೇಳಬೇಕಾದ ಪ್ರಶ್ನೆ ಇದು. ಅಡುಗೆಮನೆಯ ಸಾರನ್ನು ರುಚಿ ನೋಡುವುದು ಬೇಡವೆಂದಲ್ಲ, ಅದರ ಜೊತೆಗೆ ಈ ಪ್ರಶ್ನೆಯೂ ಇರಬೇಕು.

ಹಳೆಯ ಕಡತ:
ಲೆಕ್ಕದ ಪುಸ್ತಕದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಸಾರಿನ ರುಚಿ ನೋಡಿದ ಶಾಸಕರೇ ಮುಂದೆ ಕಡತದ ಅಂಕಿಯನ್ನು ಅನುಮಾನಿಸಿದ್ದನ್ನು ಕಂಡಿದ್ದೇನೆ. ಕಣ್ಣಿನಿಂದ ಕಂಡದ್ದು ಮನಸ್ಸಿನಲ್ಲಿ ಕೂರುತ್ತದೆ. "ಶೇ 98 ಪ್ರಗತಿ" ಎಂದು ಅಧಿಕಾರಿ ಓದುವಾಗ, ಚಿಲಕವಿಲ್ಲದ ಬಾಗಿಲು ಕಂಡವರು ಮಾತ್ರ ತಡೆದು ಕೇಳುತ್ತಾರೆ.

ನಾಡಿನ ಹಿರಿಯ:
ನನಗೆ 74. ಮಗನ ಮೇಲೆ ಜೀವನಾಂಶಕ್ಕೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದ್ದೆ. ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ ತಿಂಗಳಿಗೆ ಹತ್ತು ಸಾವಿರದ ಮಿತಿ ಇದೆ. ಅದನ್ನು ತೆಗೆಯುವ ಮಸೂದೆ 2019ರಲ್ಲಿ ಬಂತು, ಸಾಮಾಜಿಕ ನ್ಯಾಯದ ಸ್ಥಾಯಿ ಸಮಿತಿ 2021ರ ಜನವರಿಯಲ್ಲಿ ವರದಿ ಕೊಟ್ಟಿತು. ನಾನು ಮುದ್ರಿಸಿಕೊಂಡು ಓದಿದೆ, ಗೆರೆ ಹಾಕಿದೆ, ಕಾದೆ. ಮಸೂದೆ ಅಂಗೀಕಾರವಾಗಲಿಲ್ಲ, 2024ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು. ಸಮಿತಿ ತನ್ನ ಕೆಲಸ ಮಾಡಿತ್ತು. ಅದರ ಮೇಲೆ ನನಗೆ ಕೋಪವಿಲ್ಲ.

ತಾಯಿ ಶಿಕ್ಷಕಿ, ನೀವು ಬಿಡಬೇಡಿ. ಮಕ್ಕಳಿಗೆ ಕಾಯುವಷ್ಟು ಸಮಯವಿರುವುದಿಲ್ಲ.

ಕೃಷ್ಣೆಯ ದಡ:
ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ಹಿರಿಯರೇ, ನಿಮ್ಮ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನಿನ್ನೆ ಸಂಜೆ ಮಾಜಿ ನಿಲಯಪಾಲಕರು ಹೇಳಿದಂತೆ ನಿಲಯದ ಅಡುಗೆಯವರನ್ನು ಜೊತೆಗಿಟ್ಟುಕೊಂಡು ಎಣಿಸಿದೆ. ಮಂಜೂರಾತಿ 50. ಹಾಜರಿ 83. ಶೌಚಾಲಯ ಆರು, ನೀರು ಬರುವುದು ಮೂರಕ್ಕೆ, ಚಿಲಕವಿರುವುದು ಎರಡಕ್ಕೆ. ಸ್ನಾನದ ಕೋಣೆ ನಾಲ್ಕು, ಮೇಲ್ಛಾವಣಿ ಇರುವುದು ಮೂರಕ್ಕೆ. ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ಕೆಳಗೆ ಹಾಕಿದ್ದೇನೆ. ನಮ್ಮ ರಾಜ್ಯದಲ್ಲಿ 150 ಪದಗಳ ಮಿತಿ ಇದೆಯೆಂದು ಗೊತ್ತಾಯಿತು, ಅದರೊಳಗೇ ಇದೆ.

"ತಮ್ಮ ಜಿಲ್ಲಾ ಕಚೇರಿಯ ವ್ಯಾಪ್ತಿಯ ನಮ್ಮ ಬಾಲಕಿಯರ ವಸತಿನಿಲಯಕ್ಕೆ ವಿಧಾನಮಂಡಲದ ಸಮಿತಿ ಭೇಟಿ ನೀಡಿದ ನಂತರ, ನಾವು ಸಲ್ಲಿಸಿದ ಮನವಿಯ ಕುರಿತು ವಿಧಾನಮಂಡಲದ ಸಚಿವಾಲಯದಿಂದ ತಮ್ಮ ಕಚೇರಿಗೆ ಬಂದಿರುವ ಪತ್ರದ ಪ್ರತಿ, ಅದಕ್ಕೆ ತಮ್ಮ ಕಚೇರಿ ನೀಡಿದ ಉತ್ತರದ ಪ್ರತಿ, ಹಾಗೂ ಈ ನಿಲಯದ ದುರಸ್ತಿಗೆ ಭೇಟಿಯ ನಂತರ ಬಿಡುಗಡೆಯಾದ ಮೊತ್ತದ ವಿವರ ನೀಡಬೇಕು."

ಹಳೆಯ ಕಡತ:
ಚೆನ್ನಾಗಿದೆ. ಎರಡು ತಿದ್ದುಪಡಿ. ಭೇಟಿಯ ದಿನಾಂಕವನ್ನು ಬರೆಯಿರಿ, ಇಲ್ಲದಿದ್ದರೆ "ಮಾಹಿತಿ ನಿರ್ದಿಷ್ಟವಾಗಿಲ್ಲ" ಎಂದು ಹಿಂದಿರುಗಿಸುತ್ತಾರೆ. ಅರ್ಜಿಯನ್ನು ಇಲಾಖೆಯ ಜಿಲ್ಲಾ ಕಚೇರಿಗೇ ಹಾಕಿ. ನೀವು ಕೇಳುತ್ತಿರುವುದು ಇಲಾಖೆಯ ಕಡತದಲ್ಲಿರುವ ಪತ್ರವನ್ನು, ಸಮಿತಿಯ ವರದಿಯನ್ನಲ್ಲ, ಆದ್ದರಿಂದ ಹಕ್ಕುಚ್ಯುತಿಯ ನೆಪ ಹೇಳುವುದು ಕಷ್ಟ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಮೂವತ್ತು ದಿನ ಎಣಿಸಿ. ಜೊತೆಗೆ ಎಣಿಕೆಯ ಪಟ್ಟಿಯೊಂದಿಗೆ ಸಮಿತಿಯ ಅಧ್ಯಕ್ಷರಿಗೆ ಎರಡನೆಯ ಮನವಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಮೊದಲ ಮನವಿಯ ಸ್ವೀಕೃತಿ ಪ್ರತಿಯನ್ನೂ ಇಡಿ. ಮುಂದಿನ ಅಧಿವೇಶನದ ಮೊದಲು ತಲುಪಿದರೆ ಒಳ್ಳೆಯದು. ನಿಮ್ಮ ಕ್ಷೇತ್ರದ ಶಾಸಕರಿಗೂ ಒಂದು ಪ್ರತಿ ಕೊಡಿ, ಅವರು ಬಯಸಿದರೆ ಇದೇ ಅಂಕಿಗಳನ್ನಿಟ್ಟು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ, ಕೇಳಬಹುದು.

ಬಯಲು ದಾರಿ:
ಮೇಡಂ, ನನ್ನ ಮೊದಲ ಮಾತು ಸ್ವಲ್ಪ ಒರಟಾಯಿತು. ನಮ್ಮ ತಾಲ್ಲೂಕಿನಲ್ಲೂ ಇಂಥ ಎರಡು ನಿಲಯಗಳಿವೆ. ಭಾನುವಾರ ಹೋಗಿ ನಾನೂ ಎಣಿಸಿ ಬರುತ್ತೇನೆ. ನಿಮ್ಮ ಕರಡನ್ನು ಬಳಸಿಕೊಳ್ಳಲೇ?

ಕೃಷ್ಣೆಯ ದಡ:
ಖಂಡಿತ ಬಳಸಿಕೊಳ್ಳಿ, ಅಣ್ಣಾ.

ಅರ್ಜಿ ಮತ್ತು ಮನವಿ ಎರಡನ್ನೂ ಇಂದು ಅಂಚೆಗೆ ಹಾಕಿದೆ. ಅಂದು ಶಾಸಕರ ಎದುರು ಹೌದು ಎಂದಿದ್ದ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಎಣಿಸುವಾಗ ಟಾರ್ಚ್ ಹಿಡಿದು ಜೊತೆಗೆ ಬಂದವಳು ಅವಳೇ. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಸಿ ನಿಲಯ ಬಿಡುತ್ತಾಳೆ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇನೆ.